ಕ್ರೈಸ್ತ ಧರ್ಮದಲ್ಲಿ ನಡೆ ಮತ್ತು ನುಡಿ

ನೆರೆಯವರೊಡನೆ ಹೇಗೆ ಮಾತನಾಡಬೇಕು, ಅವರೊಡನೆ ಹೇಗೆ ವ್ಯವಹರಿಸಬೇಕು ಎಂಬುದನ್ನು ಕುರಿತ ಬೋಧನೆಯು ಕ್ರೈಸ್ತ ನೀತಿಶಾಸ್ತ್ರದ ಒಂದು ಮುಖ್ಯ ಭಾಗವಾಗಿದೆ. ಸೌಮ್ಯವಾದ ಮಾತು, ಸತ್ಯನಿಷ್ಠೆ, ಕೊಟ್ಟ ಮಾತಿನ ಪಾಲನೆ, ಅಳತೆ ಮತ್ತು ಕೂಲಿಯಲ್ಲಿ ಪ್ರಾಮಾಣಿಕತೆ, ಪರನಿಂದೆಯ ವರ್ಜನೆ, ನೋಯಿಸಿದವರೊಡನೆ ರಾಜಿ – ಇವೆಲ್ಲ ಇದರೊಳಗೆ ಸೇರುತ್ತವೆ. ಕ್ರೈಸ್ತ ಪರಂಪರೆಯು ಇವುಗಳನ್ನು ಬಿಡಿಬಿಡಿಯಾದ ಸದ್ಗುಣಗಳೆಂದು ನೋಡದೆ ಒಂದೇ ಕರ್ತವ್ಯದ ಎರಡು ಮುಖಗಳೆಂದು ನೋಡುತ್ತದೆ. ಸತ್ಯವಿಲ್ಲದ ಸವಿಮಾತು ಮುಖಸ್ತುತಿಯಾಗುತ್ತದೆ. ಪ್ರೀತಿಯಿಲ್ಲದ ಸತ್ಯ ಗಾಯವಾಗುತ್ತದೆ. ಕನ್ನಡದ 'ನಡೆನುಡಿ' ಎಂಬ ಜೋಡುಪದವು ಈ ವಿಚಾರಕ್ಕೆ ಬಹಳ ಸಮೀಪವಾದುದು.

ಈ ಲೇಖನವು ಬೋಧನೆಯ ಮೂಲಗಳನ್ನೂ ವ್ಯಾಖ್ಯಾನಗಳನ್ನೂ ವಿವರಿಸಿ, ಹಲವು ಭಾಷೆಗಳ ಮತ್ತು ಹಲವು ಸಭೆಗಳ ಕ್ರೈಸ್ತರು ನೆಲೆಸಿರುವ ಶಿವಮೊಗ್ಗ ಹಾಗೂ ಭದ್ರಾವತಿ ನಗರಗಳ ಸಂದರ್ಭದಲ್ಲಿ ಅದರ ಅರ್ಥವನ್ನು ಪರಿಶೀಲಿಸುತ್ತದೆ.

ಹಳೆಯ ಒಡಂಬಡಿಕೆಯಲ್ಲಿ

ಈ ಬೋಧನೆಯ ತಳಹದಿ ಮೋಶೆಯ ದಶಾಜ್ಞೆಗಳಲ್ಲಿದೆ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬುದು ಅವುಗಳಲ್ಲಿ ಒಂದು. ಆಜ್ಞೆಗಳನ್ನು ವಿಂಗಡಿಸುವ ಕ್ರಮವು ಸಭೆಯಿಂದ ಸಭೆಗೆ ಬೇರೆಯಾಗಿದೆ. ಕಥೋಲಿಕರೂ ಲೂಥರನ್ನರೂ ಇದನ್ನು ಎಂಟನೆಯ ಆಜ್ಞೆಯೆಂದು ಎಣಿಸಿದರೆ, ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಇತರ ಹಲವು ಪ್ರಾಟೆಸ್ಟೆಂಟ್ ಪರಂಪರೆಗಳಲ್ಲಿ ಇದು ಒಂಬತ್ತನೆಯದು. ಆಜ್ಞೆಯ ಸಾರದಲ್ಲಿ ವ್ಯತ್ಯಾಸವಿಲ್ಲ. ಮೂಲದಲ್ಲಿ ಇದು ನ್ಯಾಯಾಲಯದ ಸಾಕ್ಷಿಗೆ ಸಂಬಂಧಿಸಿದುದು. ಒಬ್ಬರ ಸುಳ್ಳು ಮಾತಿನಿಂದ ಮತ್ತೊಬ್ಬರ ಪ್ರಾಣ ಅಥವಾ ಆಸ್ತಿ ಹೋಗಬಹುದಾಗಿದ್ದ ಕಾಲದ ನಿಯಮವಿದು. ಮುಂದೆ ಇದನ್ನು ಎಲ್ಲ ಬಗೆಯ ಮಾತಿಗೂ ವಿಸ್ತರಿಸಲಾಯಿತು.

ಯಾಜಕಕಾಂಡದ 19ನೆಯ ಅಧ್ಯಾಯವು ಮಾತನ್ನೂ ವ್ಯವಹಾರವನ್ನೂ ಒಂದೇ ಕಡೆ ಇರಿಸುತ್ತದೆ. ಕಳವು, ಸುಳ್ಳು, ಚಾಡಿ, ಕಿವುಡರನ್ನು ಶಪಿಸುವುದು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇರಿಸಿಕೊಳ್ಳುವುದು, ತೂಕ ಮತ್ತು ಅಳತೆಯಲ್ಲಿ ಮೋಸ – ಇವೆಲ್ಲವನ್ನೂ ಅದು ನಿಷೇಧಿಸುತ್ತದೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಬರುವುದೂ ಇದೇ ಅಧ್ಯಾಯದಲ್ಲಿ. ಜ್ಞಾನೋಕ್ತಿಗಳ ಗ್ರಂಥವು ಮೃದುವಾದ ಉತ್ತರಕ್ಕೆ ಕೋಪವನ್ನು ತಣಿಸುವ ಶಕ್ತಿಯಿದೆ ಎಂದು ಬೋಧಿಸುತ್ತದೆ ಮತ್ತು ಮೋಸದ ತಕ್ಕಡಿಯನ್ನು ಖಂಡಿಸುತ್ತದೆ. 15ನೆಯ ಕೀರ್ತನೆಯ ಪ್ರಕಾರ ದೇವಸನ್ನಿಧಿಯಲ್ಲಿ ನೆಲೆಸಲು ಯೋಗ್ಯನಾದವನು ಹೃದಯಪೂರ್ವಕವಾಗಿ ಸತ್ಯ ನುಡಿಯುತ್ತಾನೆ. ತನಗೆ ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಯೆಶಾಯನ ಗ್ರಂಥದ 58ನೆಯ ಅಧ್ಯಾಯವು ಬೆರಳು ತೋರಿಸಿ ಹೀನಾಯವಾಗಿ ಮಾತನಾಡುವುದನ್ನು ಬಿಡದ ಉಪವಾಸವನ್ನು ನಿಜವಾದ ಉಪವಾಸವೆಂದು ಒಪ್ಪುವುದಿಲ್ಲ.

ಹೊಸ ಒಡಂಬಡಿಕೆಯಲ್ಲಿ

ಯೇಸು ಕ್ರಿಸ್ತನ ಪರ್ವತ ಪ್ರಸಂಗದಲ್ಲಿ, ಅಂದರೆ ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳಲ್ಲಿ, ಈ ವಿಷಯಕ್ಕೆ ಸಂಬಂಧಿಸಿದ ನಾಲ್ಕು ಬೋಧನೆಗಳಿವೆ.

ಒಂದು, ಸಹೋದರನನ್ನು ಹೀಯಾಳಿಸಿ ಕರೆಯುವುದು ಕೊಲೆಯ ನಿಷೇಧದ ವ್ಯಾಪ್ತಿಯೊಳಗೇ ಬರುವ ಅಪರಾಧ.
ಎರಡು, ಬಲಿಪೀಠಕ್ಕೆ ಕಾಣಿಕೆ ತಂದಾಗ ಯಾರಿಗಾದರೂ ತನ್ನ ಮೇಲೆ ಮನಸ್ತಾಪವಿದೆಯೆಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ರಾಜಿಯಾಗಬೇಕು.
ಮೂರು, ಆಣೆಯಿಡುವ ಅಗತ್ಯ ಬೀಳದಂತೆ ಸಾಮಾನ್ಯ ಮಾತೇ ನಂಬಿಕೆಗೆ ಅರ್ಹವಾಗಿರಬೇಕು.
ನಾಲ್ಕು, ಇತರರಿಂದ ತಾನು ಬಯಸುವುದನ್ನೇ ಇತರರಿಗೆ ಮಾಡಬೇಕು. ಇದನ್ನು ಸುವರ್ಣ ನಿಯಮವೆಂದು ಕರೆಯುತ್ತಾರೆ.

ಅದೇ ಸುವಾರ್ತೆಯ 18ನೆಯ ಅಧ್ಯಾಯವು ತಪ್ಪು ಮಾಡಿದವರನ್ನು ತಿದ್ದುವ ಕ್ರಮವನ್ನು ಹೇಳುತ್ತದೆ. ಮೊದಲು ಅವರೊಬ್ಬರನ್ನೇ ಕಂಡು ಮಾತನಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಯ ಮುಂದೆ ಇಡಬೇಕು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ ಸುಂಕದವನಾದ ಜಕ್ಕಾಯನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ತೆಗೆದುಕೊಂಡಿದ್ದರೆ ಅದರ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದೂ ಹೇಳುತ್ತಾನೆ. ಪಶ್ಚಾತ್ತಾಪವು ಬರಿಯ ಮಾತಾಗದೆ ಕ್ರಿಯೆಯಾಗಬೇಕೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವುದು ವಾಡಿಕೆ.

ಪೌಲನು ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯವು ಸತ್ಯವನ್ನು ಪ್ರೀತಿಯಿಂದ ನುಡಿಯುವ ಆದರ್ಶವನ್ನು ಮುಂದಿಡುತ್ತದೆ. ಸುಳ್ಳು, ಕಳವು, ಕೆಟ್ಟ ಮಾತು ಮತ್ತು ಕಹಿಭಾವವನ್ನು ಬಿಡಬೇಕೆಂಬ ಸೂಚನೆಗಳೂ ಅಲ್ಲಿ ಒಟ್ಟಿಗೇ ಬರುತ್ತವೆ. ಯಾಕೋಬನ ಪತ್ರವು ನಾಲಿಗೆಯನ್ನು ಕುದುರೆಯ ಕಡಿವಾಣಕ್ಕೆ, ಹಡಗಿನ ಚುಕ್ಕಾಣಿಗೆ ಮತ್ತು ಕಾಡನ್ನು ಸುಡುವ ಕಿಡಿಗೆ ಹೋಲಿಸುತ್ತದೆ. ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದಿಟ್ಟ ಶ್ರೀಮಂತರನ್ನು ಕಟುವಾಗಿ ಖಂಡಿಸುವುದೂ ಇದೇ ಪತ್ರವೇ.

ಪರಂಪರೆಯ ವ್ಯಾಖ್ಯಾನಗಳು

ನಾಲ್ಕು ಮತ್ತು ಐದನೆಯ ಶತಮಾನಗಳಲ್ಲಿದ್ದ ಸಂತ ಅಗಸ್ಟೀನನು ಸುಳ್ಳಿನ ವಿಷಯವಾಗಿಯೇ ಎರಡು ಕೃತಿಗಳನ್ನು ರಚಿಸಿದನು. ಪ್ರಾಣ ಉಳಿಸುವುದಕ್ಕಾಗಿಯೂ ಸುಳ್ಳಾಡಬಾರದೆಂಬ ಕಟ್ಟುನಿಟ್ಟಿನ ನಿಲುವು ಅವನದು. ಆದರೆ ಇಬ್ರಿಯರ ಶಿಶುಗಳನ್ನು ಉಳಿಸಲು ಐಗುಪ್ತದ ಅರಸನಿಗೆ ನಿಜ ಹೇಳದ ಸೂಲಗಿತ್ತಿಯರ ಪ್ರಸಂಗ ಬೈಬಲ್ಲಿನಲ್ಲೇ ಇರುವುದರಿಂದ ಈ ಚರ್ಚೆ ಇಂದಿಗೂ ಮುಗಿದಿಲ್ಲ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸನು ಸತ್ಯನಿಷ್ಠೆಯನ್ನು ನ್ಯಾಯವೆಂಬ ಸದ್ಗುಣಕ್ಕೆ ಸೇರಿಸಿದನು. ಜನರು ಪರಸ್ಪರ ನಂಬದಿದ್ದರೆ ಸಮಾಜ ನಡೆಯಲಾರದು ಎಂಬುದು ಅವನು ಕೊಟ್ಟ ಕಾರಣ. ಸ್ನೇಹಪೂರ್ಣವಾದ ನಡವಳಿಕೆಯನ್ನೂ ಅವನು ನ್ಯಾಯದ ಅಡಿಯಲ್ಲಿಯೇ ಇರಿಸಿದನು. ಈ ವರ್ಗೀಕರಣದ ಪ್ರಕಾರ ಒಳ್ಳೆಯ ಮಾತು ಇಷ್ಟವಿದ್ದರೆ ಕೊಡುವ ದಾನವಲ್ಲ. ನೆರೆಯವರಿಗೆ ಸಲ್ಲಬೇಕಾದ ಋಣ.

ಮಾರ್ಟಿನ್ ಲೂಥರನು 1529ರ ತನ್ನ ಚಿಕ್ಕ ಧರ್ಮೋಪದೇಶ ಪುಸ್ತಕದಲ್ಲಿ ಸುಳ್ಳುಸಾಕ್ಷಿಯ ಆಜ್ಞೆಗೆ ವಿಧ್ಯಾತ್ಮಕ ಅರ್ಥವನ್ನೂ ಕೊಟ್ಟನು. ನೆರೆಯವರನ್ನು ನಿಂದಿಸದಿದ್ದರಷ್ಟೇ ಸಾಲದು. ಅವರ ಪರವಾಗಿ ಮಾತನಾಡಬೇಕು, ಅವರ ವರ್ತನೆಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥವನ್ನೇ ಕಲ್ಪಿಸಬೇಕು ಎಂಬುದು ಅದರ ತಾತ್ಪರ್ಯ. 18ನೆಯ ಶತಮಾನದಲ್ಲಿ ಮೆಥೊಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿಯು ಪರನಿಂದೆಯನ್ನೇ ವಿಷಯವಾಗಿಸಿಕೊಂಡು ಒಂದು ಉಪದೇಶವನ್ನು ಬರೆದನು. ಮತ್ತಾಯನ 18ನೆಯ ಅಧ್ಯಾಯದ ಮೂರು ಹಂತಗಳೇ ಅದಕ್ಕೆ ಆಧಾರ. 1743ರಲ್ಲಿ ಅವನು ತನ್ನ ಸಂಘಗಳಿಗೆ ರೂಪಿಸಿದ ನಿಯಮಗಳಲ್ಲಿ ಕೊಳ್ಳುವಾಗ ಮತ್ತು ಮಾರುವಾಗ ಅತಿಯಾಗಿ ಮಾತನಾಡಬಾರದೆಂಬುದೂ ಸೇರಿತ್ತು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮಾತಿನ ದೋಷಗಳನ್ನು ವಿವರವಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

ದುಡುಕಿನ ತೀರ್ಮಾನ: ಸಾಕಷ್ಟು ಆಧಾರವಿಲ್ಲದೆ ಮತ್ತೊಬ್ಬರಲ್ಲಿ ನೈತಿಕ ದೋಷವಿದೆಯೆಂದು ಮನಸ್ಸಿನಲ್ಲೇ ನಂಬಿಬಿಡುವುದು.
ದೋಷವನ್ನು ಸಾರುವುದು: ನಿಜವಾಗಿಯೂ ಇರುವ ತಪ್ಪನ್ನು, ತಕ್ಕ ಕಾರಣವಿಲ್ಲದೆ, ತಿಳಿಯದವರಿಗೆ ತಿಳಿಸುವುದು.
ಸುಳ್ಳು ಅಪವಾದ: ಇಲ್ಲದ ತಪ್ಪನ್ನು ಹೊರಿಸಿ ಒಬ್ಬರ ಹೆಸರನ್ನು ಕೆಡಿಸುವುದು.
ಮುಖಸ್ತುತಿ: ಇನ್ನೊಬ್ಬರ ಕೆಟ್ಟ ನಡತೆಯನ್ನು ಗಟ್ಟಿಗೊಳಿಸುವಂತೆ ಹೊಗಳುವುದು.

ಇವುಗಳಲ್ಲಿ ಎರಡನೆಯದು ವಿಶೇಷ ಗಮನಕ್ಕೆ ಅರ್ಹ. ನಿಜವನ್ನೇ ಹೇಳಿದೆನೆಂಬುದು ಎಲ್ಲ ಸಂದರ್ಭಗಳಲ್ಲಿಯೂ ಸಮರ್ಥನೆಯಾಗುವುದಿಲ್ಲವೆಂದು ಈ ಬೋಧನೆ ಹೇಳುತ್ತದೆ. ಮಾತಿನಿಂದ ಒಬ್ಬರ ಹೆಸರಿಗೆ ಹಾನಿ ಮಾಡಿದವರು ಕ್ಷಮೆ ಪಡೆದ ಮೇಲೂ ಆ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಲು ಬದ್ಧರು. ಕಳವು ಮಾಡಿದ ವಸ್ತುವನ್ನು ಹಿಂದಿರುಗಿಸುವಂತೆ ಕಳೆದ ಮಾನವನ್ನೂ ಹಿಂದಿರುಗಿಸಬೇಕೆಂಬುದು ಇದರ ತರ್ಕ.

ಶಿವಮೊಗ್ಗ ಮತ್ತು ಭದ್ರಾವತಿಯ ಕ್ರೈಸ್ತ ಸಮುದಾಯಗಳು

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ತುಂಗಾ ನದಿಯ ದಡದ ಶಿವಮೊಗ್ಗ ಮತ್ತು ಭದ್ರಾ ನದಿಯ ದಡದ ಭದ್ರಾವತಿಯಲ್ಲಿಯೂ ಅವರು ಅಲ್ಪಸಂಖ್ಯಾತರು. ಆದರೆ ಆ ಸಣ್ಣ ಸಮುದಾಯದೊಳಗಿನ ವೈವಿಧ್ಯ ದೊಡ್ಡದು.

ರೋಮನ್ ಕಥೋಲಿಕ ಆಡಳಿತದ ದೃಷ್ಟಿಯಿಂದ ಈ ಪ್ರದೇಶವು ಹಿಂದೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವೂ, 1988ರಲ್ಲಿ ಅದರಿಂದ ಶಿವಮೊಗ್ಗ ಧರ್ಮಪ್ರಾಂತ್ಯವೂ ರೂಪುಗೊಂಡವು. ಶಿವಮೊಗ್ಗ ನಗರದ ಪವಿತ್ರ ಹೃದಯ ಪ್ರಧಾನಾಲಯವು ಇದರ ಕೇಂದ್ರ ದೇವಾಲಯ. 2007ರಲ್ಲಿ ಭದ್ರಾವತಿಯ ಹೆಸರಿನಲ್ಲಿ ಸಿರೋ ಮಲಬಾರ್ ಕಥೋಲಿಕ ಧರ್ಮಪ್ರಾಂತ್ಯವೂ ಸ್ಥಾಪಿತವಾಯಿತು. ಕೇರಳದಿಂದ ಮಲೆನಾಡಿಗೆ ಬಂದು ನೆಲೆಸಿದ ಕುಟುಂಬಗಳು ಇದಕ್ಕೆ ಸೇರಿವೆ. ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ, 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಕೇಂದ್ರಗಳಲ್ಲಿ ಶಿವಮೊಗ್ಗವೂ ಒಂದಾಗಿತ್ತು. ದಕ್ಷಿಣ ಭಾರತದ ಮೆಥೊಡಿಸ್ಟ್, ಆಂಗ್ಲಿಕನ್ ಮುಂತಾದ ಸಭೆಗಳು ಕೂಡಿ 1947ರಲ್ಲಿ ದಕ್ಷಿಣ ಭಾರತ ಸಭೆಯಾದಾಗ ವೆಸ್ಲಿಯನ್ ಪರಂಪರೆ ಅದರಲ್ಲಿ ಸೇರಿತು.

ಭದ್ರಾವತಿಯ ಬೆಳವಣಿಗೆಗೆ ಕಾರ್ಖಾನೆಗಳು ಕಾರಣ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು; ಅದು ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾಯಿತು. ಇವುಗಳನ್ನು ಅರಸಿ ಬಂದ ಕನ್ನಡ, ತಮಿಳು, ತೆಲುಗು, ಮಲಯಾಳ, ಕೊಂಕಣಿ ಮತ್ತು ಉರ್ದು ಮಾತಿನ ಕುಟುಂಬಗಳು ಅಕ್ಕಪಕ್ಕದ ವಸತಿಗೃಹಗಳಲ್ಲಿ ನೆಲೆಸಿದವು.

ಇಂಥ ಊರಿನಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು, ಯಾವ ಭಾಷೆಯಲ್ಲಿ ಹಾಡಬೇಕು ಎಂಬ ಪ್ರಶ್ನೆಯೇ ನಡೆನುಡಿಯ ಪರೀಕ್ಷೆಯಾಗುತ್ತದೆ. ಆರಾಧನೆಯಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನದ ಪ್ರಶ್ನೆಯು ಕರ್ನಾಟಕದ ಕಥೋಲಿಕರಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ದಶಕಗಳ ವಾಗ್ವಾದಕ್ಕೆ ಕಾರಣವಾಗಿದೆ. ಎಫೆಸದವರಿಗೆ ಬರೆದ ಪತ್ರದ ಬೋಧನೆಯನ್ನು ಇಲ್ಲಿ ಅನ್ವಯಿಸಿದರೆ ಎರಡು ಬೇಡಿಕೆಗಳು ಒಟ್ಟಿಗೆ ಏಳುತ್ತವೆ. ನಾಡಿನ ಭಾಷೆಗೆ ನ್ಯಾಯ ಸಲ್ಲಬೇಕೆಂಬ ಮಾತನ್ನು ಅಡಗಿಸಬಾರದು. ಅದನ್ನು ಹೇಳುವಾಗ ಪಕ್ಕದಲ್ಲಿ ಕುಳಿತವರನ್ನು ಹೊರಗಿನವರೆಂದು ಹಳಿಯಲೂಬಾರದು.

ಕನ್ನಡದ ಸಂಬೋಧನೆ ಮತ್ತು ಆರಾಧನೆ

ಕನ್ನಡದಲ್ಲಿ ಗೌರವವೂ ಅಗೌರವವೂ ಬಹುಮಟ್ಟಿಗೆ ಸರ್ವನಾಮದಲ್ಲಿಯೇ ವ್ಯಕ್ತವಾಗುತ್ತವೆ. 'ನೀನು', 'ನೀವು', 'ತಾವು' ಎಂಬ ಆಯ್ಕೆಯಲ್ಲಿ ವಯಸ್ಸು, ಸಲುಗೆ, ಅಂತಸ್ತು ಅಡಗಿವೆ. ಜಗಳದಲ್ಲಿ ಏಕವಚನ ಬಳಸಿದರೆಂಬುದೇ ದೂರಾಗುವುದುಂಟು. ಸಲುಗೆಯ ಏಕವಚನವು ಪ್ರೀತಿಯ ಗುರುತಾದರೆ, ಮನೆಗೆಲಸದವರಿಗೋ ಪೌರಕಾರ್ಮಿಕರಿಗೋ ವಯಸ್ಸನ್ನೂ ಲೆಕ್ಕಿಸದೆ ಬಳಸುವ ಏಕವಚನವು ಕೀಳಾಗಿ ಕಾಣುವುದರ ಗುರುತು. ಹೀಯಾಳಿಸಿ ಕರೆಯುವುದನ್ನು ಕುರಿತ ಯೇಸುವಿನ ಎಚ್ಚರಿಕೆ ಕನ್ನಡದ ಬದುಕಿನಲ್ಲಿ ಬೈಗುಳಕ್ಕಷ್ಟೇ ಅಲ್ಲದೆ ಈ ಬಳಕೆಗೂ ಅನ್ವಯಿಸುತ್ತದೆ.

ಈ ವ್ಯತ್ಯಾಸವು ಕನ್ನಡ ಬೈಬಲ್ ಮತ್ತು ಪ್ರಾರ್ಥನೆಗಳಲ್ಲಿಯೂ ಇದೆ. ಪ್ರಾಟೆಸ್ಟೆಂಟರಲ್ಲಿ ಬಳಕೆಯಲ್ಲಿರುವ ಹಳೆಯ 'ಸತ್ಯವೇದ'ದಲ್ಲಿ ಯೇಸುವಿಗೆ ಏಕವಚನದ ಕ್ರಿಯಾಪದಗಳಿವೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರನ್ನು 'ನೀನು' ಎಂದೇ ಸಂಬೋಧಿಸಲಾಗುತ್ತದೆ. ಕಥೋಲಿಕ ಕನ್ನಡ ಪ್ರಾರ್ಥನೆಯಲ್ಲಿ ಅದೇ ಜಾಗದಲ್ಲಿ 'ನೀವು' ಎಂಬ ಗೌರವ ಬಹುವಚನವಿದೆ. ಒಂದರಲ್ಲಿ ಆತ್ಮೀಯತೆ, ಇನ್ನೊಂದರಲ್ಲಿ ಮರ್ಯಾದೆ ಮುಂದಾಗಿದ್ದು, ಎರಡೂ ಭಕ್ತಿಯ ನುಡಿಗಳೇ.

ಕಥೋಲಿಕ ಬಲಿಪೂಜೆಯ ಆರಂಭದಲ್ಲಿ ಜನರು ಆಲೋಚನೆ, ಮಾತು, ಕ್ರಿಯೆ ಮತ್ತು ಕರ್ತವ್ಯಲೋಪದಿಂದ ಮಾಡಿದ ಪಾಪಗಳನ್ನು ಒಪ್ಪಿಕೊಳ್ಳುತ್ತಾರೆ. ಭಾರತೀಯ ಪರಂಪರೆಯ ತ್ರಿಕರಣ ಶುದ್ಧಿಯ ಕಲ್ಪನೆಗೆ ಇದು ಹತ್ತಿರವಾದುದು. ಪ್ರಸಾದ ಸ್ವೀಕಾರಕ್ಕೆ ಮೊದಲು ಪರಸ್ಪರ ಶಾಂತಿ ಕೋರುವ ವಿಧಿಗೆ ಕಾಣಿಕೆಗೆ ಮೊದಲು ರಾಜಿಯಾಗಬೇಕೆಂಬ ಬೋಧನೆಯೊಡನೆ ಸಂಬಂಧವಿದೆ. ಭಾರತದ ಆರಾಧನೆಗಾಗಿ 1969ರಲ್ಲಿ ಅಂಗೀಕೃತವಾದ ಮಾರ್ಪಾಡುಗಳು ಇದನ್ನು ಕೈಮುಗಿದು ಸೂಚಿಸಲು ಅವಕಾಶ ಮಾಡಿಕೊಟ್ಟವು.

ದುಡಿಮೆ, ಕೂಲಿ ಮತ್ತು ಮಾತಿನ ಪಾಲನೆ

ಪ್ರಾಮಾಣಿಕ ವ್ಯವಹಾರದ ಬೋಧನೆಯನ್ನು ಕೈಗಾರಿಕಾ ಯುಗಕ್ಕೆ ಅನ್ವಯಿಸಿದ ಮುಖ್ಯ ದಾಖಲೆ ಜಗದ್ಗುರು 13ನೆಯ ಲಿಯೋ ಅವರು 1891ರಲ್ಲಿ ಹೊರಡಿಸಿದ ವಿಶ್ವಪತ್ರ. ಕಾರ್ಮಿಕನು ಒಪ್ಪಿಕೊಂಡನೆಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವ್ಯಯಿಯಾದ ಕಾರ್ಮಿಕನ ಜೀವನ ಅದರಿಂದ ನಡೆಯಬೇಕು ಎಂದು ಅದು ವಾದಿಸಿತು. ಕಾರ್ಮಿಕನೂ ಒಪ್ಪಿಕೊಂಡ ಕೆಲಸವನ್ನು ಪೂರ್ಣವಾಗಿ ಮಾಡಬೇಕೆಂದು ಅದೇ ದಾಖಲೆ ಹೇಳುತ್ತದೆ. ಹೀಗೆ ಕರಾರು ಎಂಬುದು ಎರಡೂ ಕಡೆಯವರು ಕೊಟ್ಟ ಮಾತು.

ಭದ್ರಾವತಿಗೆ ಈ ವಿಚಾರ ದೂರದ್ದಲ್ಲ. ಕಾಗದ ಕಾರ್ಖಾನೆಯ ಉತ್ಪಾದನೆ 2010ರ ದಶಕದ ಮಧ್ಯಭಾಗದಲ್ಲಿ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಪ್ರತಿಭಟನೆ ನಡೆಸಿದರು. ಇಂಥ ಹೊತ್ತಿನಲ್ಲಿ ನಡೆನುಡಿಯ ಬೋಧನೆಯು ಮನೆಯ ಮಾತುಕತೆಯನ್ನು ದಾಟುತ್ತದೆ: ಈಡೇರಿಸಲಾಗದ ಭರವಸೆ ಕೊಡುವುದು, ಕೆಲಸ ಕಳೆದುಕೊಂಡವರನ್ನು ಹಗುರವಾಗಿ ಆಡಿಕೊಳ್ಳುವುದು, ಸಾಲದ ಅವಧಿಯಲ್ಲಿ ಅವರ ಅಸಹಾಯಕತೆಯಿಂದ ಲಾಭ ಪಡೆಯುವುದು – ಇವೂ ಅದು ನಿಷೇಧಿಸುವ ನಡತೆಗಳಾಗುತ್ತವೆ.

ಅನ್ಯಧರ್ಮೀಯರೊಡನೆ ವ್ಯವಹಾರ

ಸಾಧ್ಯವಾದ ಮಟ್ಟಿಗೆ ಎಲ್ಲರೊಡನೆ ಸಮಾಧಾನದಿಂದಿರಬೇಕೆಂದು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯ ಬೋಧಿಸುತ್ತದೆ. ಪೇತ್ರನ ಮೊದಲ ಪತ್ರವು ತಮ್ಮ ನಂಬಿಕೆಯ ಬಗ್ಗೆ ಕೇಳಿದವರಿಗೆ ಸೌಮ್ಯತೆಯಿಂದಲೂ ಗೌರವದಿಂದಲೂ ಉತ್ತರಿಸಬೇಕೆಂದು ಸೂಚಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಧರ್ಮಪ್ರಸಾರದಲ್ಲಿ ಬಲವಂತವನ್ನೂ ಅಪ್ರಾಮಾಣಿಕ ಒತ್ತಾಯವನ್ನೂ ತಳ್ಳಿಹಾಕಿತು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರಕ್ಕೆ ಸಂಬಂಧಿಸಿದ ಕಾಯ್ದೆ ಜಾರಿಗೆ ಬಂದಾಗ ಆಮಿಷ ಮತ್ತು ಬಲವಂತ ಎಂಬ ಪದಗಳ ವ್ಯಾಪ್ತಿ ಸಾರ್ವಜನಿಕ ಚರ್ಚೆಯ ವಿಷಯವಾಯಿತು. ಶಿವಮೊಗ್ಗ ನಗರವು ಕೋಮು ಉದ್ವಿಗ್ನತೆಯ ಮತ್ತು ನಿಷೇಧಾಜ್ಞೆಯ ದಿನಗಳನ್ನು ಕಂಡಿದೆ. ವದಂತಿಯು ಮೊಬೈಲಿನಲ್ಲಿ ಹರಡುವ ಅಂಥ ಸಮಯದಲ್ಲಿ, ಪರಿಶೀಲಿಸದ ಸಂದೇಶವನ್ನು ಮುಂದಕ್ಕೆ ಕಳುಹಿಸುವುದೂ ಸುಳ್ಳುಸಾಕ್ಷಿಯ ಒಂದು ರೂಪವಾಗುತ್ತದೆ.

ಇತರ ಪರಂಪರೆಗಳೊಡನೆ ಹೋಲಿಕೆ

ಈ ಬೋಧನೆ ಕ್ರೈಸ್ತರಿಗೆ ಮಾತ್ರ ಸೀಮಿತವಾದುದಲ್ಲ. ನಡೆ ಮತ್ತು ನುಡಿ ಒಂದಾಗಿರಬೇಕೆಂಬುದು 12ನೆಯ ಶತಮಾನದ ಶರಣರ ಪ್ರಮುಖ ಆಶಯ. ಅಲ್ಲಮಪ್ರಭುವಿನ ಊರಾದ ಬಳ್ಳಿಗಾವಿ ಮತ್ತು ಅಕ್ಕಮಹಾದೇವಿಯ ಊರಾದ ಉಡುತಡಿ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಜೈನರ ಐದು ವ್ರತಗಳಲ್ಲಿ ಸತ್ಯವೂ ಒಂದು. ಕುರಾನಿನ 49ನೆಯ ಅಧ್ಯಾಯವು ಬೆನ್ನ ಹಿಂದಿನ ನಿಂದೆಯನ್ನು ಉಗ್ರವಾಗಿ ಖಂಡಿಸುತ್ತದೆ. ತಿರುಕ್ಕುರಳಿನ 10ನೆಯ ಅಧಿಕಾರ ಪೂರ್ತಿಯಾಗಿ ಸವಿನುಡಿಗೆ ಮೀಸಲು. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಹಿಂದಿರುಗಿದ ಪುಣ್ಯಕೋಟಿಯ ಕಥೆ ಕನ್ನಡದ ಮಕ್ಕಳಿಗೆಲ್ಲ ಪರಿಚಿತ. ಕ್ರೈಸ್ತ ಬೋಧನೆಯಲ್ಲಿ ಎದ್ದು ಕಾಣುವ ಅಂಶವೆಂದರೆ ಕ್ಷಮೆಗೂ ಆರಾಧನೆಗೂ ಇರುವ ನೇರ ಸಂಬಂಧ: ರಾಜಿಯಾಗದೆ ಅರ್ಪಿಸಿದ ಕಾಣಿಕೆಯನ್ನು ಅದು ಅಪೂರ್ಣವೆಂದು ಭಾವಿಸುತ್ತದೆ.

ವಿಮರ್ಶೆ ಮತ್ತು ಮಿತಿಗಳು

ಸೌಮ್ಯ ನುಡಿಯ ಬೋಧನೆಯನ್ನು ದುರ್ಬಲರ ಬಾಯಿ ಮುಚ್ಚಿಸಲು ಬಳಸುವ ಅಪಾಯವಿದೆ ಎಂಬುದು ಇದರ ಮೇಲಿನ ಮುಖ್ಯ ಆಕ್ಷೇಪ. ಮನೆಯೊಳಗಿನ ಹಿಂಸೆ, ಜಾತಿಯ ಅವಮಾನ, ಅಧಿಕಾರದ ದುರುಪಯೋಗ ಇವುಗಳನ್ನು ಕುರಿತು ದೂರುವವರನ್ನು ಪರನಿಂದೆ ಮಾಡುವವರೆಂದು ತಳ್ಳಿಹಾಕಿದ ನಿದರ್ಶನಗಳು ಅನೇಕ ದೇಶಗಳ ಸಭೆಗಳಲ್ಲಿ ಬೆಳಕಿಗೆ ಬಂದಿವೆ. 2019ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಹೊರಡಿಸಿದ ಕಾನೂನು, ಲೈಂಗಿಕ ದೌರ್ಜನ್ಯದ ಮಾಹಿತಿಯುಳ್ಳ ಕಥೋಲಿಕ ಗುರುಗಳೂ ಸನ್ಯಾಸಿ ಸನ್ಯಾಸಿನಿಯರೂ ಅದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕೆಂದು ವಿಧಿಸಿತು.

ಬೋಧನೆಯ ಮೂಲದಲ್ಲಿಯೂ ಇದಕ್ಕೆ ಉತ್ತರವಿದೆ. ದೋಷವನ್ನು ಸಾರಬಾರದೆಂಬ ನಿಯಮವು ತಕ್ಕ ಕಾರಣವಿಲ್ಲದಾಗ ಮಾತ್ರ ಅನ್ವಯಿಸುತ್ತದೆ. ಮತ್ತೊಬ್ಬರನ್ನು ಹಾನಿಯಿಂದ ರಕ್ಷಿಸುವುದು ತಕ್ಕ ಕಾರಣವೇ. ಒಬ್ಬರನ್ನೇ ಕಂಡು ಮಾತನಾಡಬೇಕೆಂಬ ಮೊದಲ ಹಂತವು ಸಮಾನರ ನಡುವಿನ ಮನಸ್ತಾಪಕ್ಕೆ ಹೊಂದುತ್ತದೆಯೇ ಹೊರತು, ಹಿಂಸೆಗೊಳಗಾದವರು ಹಿಂಸಿಸಿದವರ ಎದುರು ಒಂಟಿಯಾಗಿ ನಿಲ್ಲಬೇಕೆಂಬ ಅರ್ಥವನ್ನು ಕೊಡುವುದಿಲ್ಲವೆಂದು ಇಂದಿನ ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಮೃದುತ್ವವು ಮಾತಿನ ರೀತಿಗೆ ಸಂಬಂಧಿಸಿದುದು; ಹೇಳಲೇಬೇಕಾದ ಸತ್ಯವನ್ನು ಹೇಳದಿರಲು ಅದು ಅನುಮತಿಯಲ್ಲ.